ಪೇರೆಂಟ್ ಮೇಲೆ ಕ್ವೆರಿ, ಚೈಲ್ಡ್ ಫೀಲ್ಡ್ ಮೇಲೆ ಕಂಡಿಷನ್: ಸಾಲುಗಳು ಕಾಣೆಯಾಗದ ಹಾಗೆ ಬರೆಯೋದು ಹೇಗೆ

ಪೇಮೆಂಟ್ ಅಂತ ಒಂದು ಎಂಟಿಟಿ (ಡೇಟಾಬೇಸ್ ಟೇಬಲ್‌ಗೆ ಹೊಂದಿಸಿದ ಕ್ಲಾಸ್) ಇದೆ ಅಂದುಕೊಳ್ಳಿ. ಅದರ ಕೆಳಗೆ ಮೂರು ಚೈಲ್ಡ್ ಕ್ಲಾಸ್: ಕಾರ್ಡ್‌ಪೇಮೆಂಟ್, ಚೆಕ್‌ಪೇಮೆಂಟ್, ಯುಪಿಐಪೇಮೆಂಟ್. ಮೊತ್ತ, ತಾರೀಖು, ಸ್ಟೇಟಸ್ ಪೇರೆಂಟ್‌ನಲ್ಲಿವೆ. ಬ್ಯಾಂಕ್ ಅನ್ನೋ ಫೀಲ್ಡ್ ಕಾರ್ಡ್‌ನಲ್ಲೂ ಇದೆ, ಚೆಕ್‌ನಲ್ಲೂ ಇದೆ. ಯುಪಿಐಗೆ ಬ್ಯಾಂಕ್ ಇಲ್ಲ, ಅದರ ಬದಲು ವಿಪಿಎ (ಯುಪಿಐ ವಿಳಾಸ) ಇದೆ. ಅಕೌಂಟ್ಸ್‌ನವರು ಬಂದು "ಎಲ್ಲಾ ಪೇಮೆಂಟೂ ಒಂದೇ ಲಿಸ್ಟ್‌ನಲ್ಲಿ ಬೇಕು, ಬ್ಯಾಂಕ್ ಹೆಸರು ಹಾಕಿ ಹುಡುಕೋಕೂ ಆಗಬೇಕು" ಅಂತ ಕೇಳ್ತಾರೆ. ಕೇಳೋಕೆ ಸುಲಭ. ನೀವೂ ಸುಮ್ನೆ ಹೀಗೆ ಬರೀತೀರಿ:

ಸೆಲೆಕ್ಟ್ ಪಿ ಫ್ರಮ್ ಪೇಮೆಂಟ್ ಪಿ ವೇರ್ ಪಿ.ಬ್ಯಾಂಕ್ = :ಬ್ಯಾಂಕ್

ಇಲ್ಲಿಂದ ತಲೆನೋವು ಶುರು. ಪೇಮೆಂಟ್‌ನಲ್ಲಿ ಬ್ಯಾಂಕ್ ಅನ್ನೋ ಫೀಲ್ಡೇ ಇಲ್ಲ. ಕೆಲವು ಕಡೆ ಇದು ನೇರವಾಗಿ ಎರರ್ ಕೊಡುತ್ತೆ. ಕೆಲವು ಕಡೆ ಓಡುತ್ತೆ, ಆದ್ರೆ ಅರ್ಧ ಸಾಲು ಮಾತ್ರ ತರುತ್ತೆ, ಯಾರೂ ಗಮನಿಸಲ್ಲ. ಎರರ್ ಬಂದವರೇ ಪುಣ್ಯವಂತರು.

ನಾನು ಇಲ್ಲಿ ಜಾಸ್ತಿ ಮಾತಾಡೋದು ಜಾವಾದ ಜೆಪಿಎ (ಕ್ಲಾಸ್‌ಗಳನ್ನ ಟೇಬಲ್‌ಗೆ ಹೊಂದಿಸೋ ನಿಯಮಗಳ ಸ್ಪೆಕ್) ಮತ್ತು ಅದನ್ನ ಜಾರಿ ಮಾಡೋ ಲೈಬ್ರರಿ ಹೈಬರ್ನೇಟ್ ಬಗ್ಗೆ. ಅಂಥ ಲೈಬ್ರರಿಗೆ ಪ್ರೊವೈಡರ್ ಅಂತಾರೆ. ಕೊನೆಯಲ್ಲಿ ಇದೇ ಕೆಲಸ ಮಾಡೋ ಇಎಫ್ ಕೋರ್ (ಸಿ ಶಾರ್ಪ್), ಜ್ಯಾಂಗೋ, ಎಸ್‌ಕ್ಯೂಎಲ್‌ಆಲ್ಕೆಮಿ (ಎರಡೂ ಪೈಥಾನ್) ಕಡೆಗೂ ಒಂದು ಸುತ್ತು ಹೋಗಿ ಬರೋಣ. ಕೋಡ್ ಸಾಲುಗಳನ್ನ ಓದಿದ ಹಾಗೇ ಕನ್ನಡ ಅಕ್ಷರದಲ್ಲಿ ಬರೆದಿದ್ದೀನಿ, ಎಡಿಟರ್‌ನಲ್ಲಿ ಎಂದಿನಂತೆ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿಕೊಳ್ಳಿ.

ಮೊದಲು ಒಂದು ಪ್ರಶ್ನೆ: ಪೇರೆಂಟ್ ನಿಜವಾಗಲೂ ಬೇಕಾ?

ತುಂಬಾ ಸಲ ಬೇಕಾಗಿರಲ್ಲ. ನಿಮಗೆ ಕಾರ್ಡ್ ಪೇಮೆಂಟ್ ಮಾತ್ರ ಸಾಕು ಅಂದ್ರೆ ಕಾರ್ಡ್‌ಪೇಮೆಂಟ್ ಮೇಲೇ ಕ್ವೆರಿ ಬರೆಯಿರಿ:

ಸೆಲೆಕ್ಟ್ ಸಿ ಫ್ರಮ್ ಕಾರ್ಡ್‌ಪೇಮೆಂಟ್ ಸಿ ವೇರ್ ಸಿ.ಬ್ಯಾಂಕ್ = :ಬ್ಯಾಂಕ್ ಅಂಡ್ ಸಿ.ಅಮೌಂಟ್ > 5000

ಅಮೌಂಟ್ ಪೇರೆಂಟ್‌ನದ್ದು, ಬ್ಯಾಂಕ್ ಚೈಲ್ಡ್‌ದು, ಎರಡೂ ಸಿಗುತ್ತೆ. ಟೈಪ್ ಚೆಕ್ ಮಾಡೋದು, ಜಾಯಿನ್ ಹಾಕೋದು ಎಲ್ಲಾ ಹೈಬರ್ನೇಟ್ ತಾನೇ ನೋಡಿಕೊಳ್ಳುತ್ತೆ. ಪೇಮೆಂಟ್‌ರೆಪಾಸಿಟರಿ (ಪೇಮೆಂಟ್ ಕ್ವೆರಿಗಳನ್ನ ಇಡೋ ಇಂಟರ್‌ಫೇಸ್) ಅಂತ ಒಂದು ಇದೆ, ಅದರೊಳಗೇ ಎಲ್ಲಾ ತುರುಕಬೇಕು ಅನ್ನೋ ಹಠಕ್ಕೆ ಬಿದ್ದು ಜನ ಕಷ್ಟಪಡ್ತಾರೆ. ಸ್ಪ್ರಿಂಗ್ ಡೇಟಾ (ಮೆಥಡ್ ಹೆಸರಿಂದಲೇ ಕ್ವೆರಿ ಮಾಡಿಕೊಡೋ ಲೈಬ್ರರಿ) ಬಳಸೋರಿಗೆ ಇದು ಇನ್ನೂ ಚೆನ್ನಾಗಿ ಗೊತ್ತಿರುತ್ತೆ. ಪೇಮೆಂಟ್ ರೆಪಾಸಿಟರಿಯಲ್ಲಿ ಫೈಂಡ್‌ಬೈಬ್ಯಾಂಕ್ ಅಂತ ಮೆಥಡ್ ಬರೆದರೆ ಅಪ್ಲಿಕೇಷನ್ ಏಳೋದೇ ಇಲ್ಲ, ಪೇಮೆಂಟ್ ಟೈಪ್‌ನಲ್ಲಿ ಬ್ಯಾಂಕ್ ಅನ್ನೋ ಪ್ರಾಪರ್ಟಿ ಇಲ್ಲ ಅಂತ ಸ್ಟಾರ್ಟ್ ಆಗೋವಾಗಲೇ ಬಿದ್ದು ಹೋಗುತ್ತೆ. ಕಾರ್ಡ್‌ಪೇಮೆಂಟ್‌ಗೆ ಬೇರೆ ರೆಪಾಸಿಟರಿ ಇಂಟರ್‌ಫೇಸ್ ಮಾಡಿ, ಅದೇ ಮೆಥಡ್ ಅಲ್ಲಿ ಹಾಕಿ, ಮುಗೀತು. ಎರಡು ಸಾಲಿನ ಕೆಲಸ.

ಪೇರೆಂಟ್ ಬೇಕೇ ಬೇಕು ಅಂತ ಆಗೋದು ಮೂರು ಸಂದರ್ಭದಲ್ಲಿ. ಲಿಸ್ಟ್‌ನಲ್ಲಿ ಎಲ್ಲಾ ಟೈಪೂ ಬೆರೆತು ಬರಬೇಕು. ಇಲ್ಲಾ ಬೇರೆ ಎಂಟಿಟಿಯಿಂದ, ಇನ್‌ವಾಯ್ಸ್ ಅಂತಿಟ್ಟುಕೊಳ್ಳಿ, ಪೇಮೆಂಟ್‌ಗೆ ಹೋಗಿ ಅಲ್ಲಿಂದ ಚೈಲ್ಡ್ ಫೀಲ್ಡ್ ನೋಡಬೇಕು. ಇಲ್ಲಾ ಪೇಜಿನೇಷನ್, ಸಾರ್ಟಿಂಗ್ ಎಲ್ಲಾ ಒಟ್ಟು ಲಿಸ್ಟ್ ಮೇಲೇ ಆಗಬೇಕು. ಆಗ ಮುಂದೆ ಓದಿ.

ಟ್ರೀಟ್

ಜೆಪಿಎ 2.1, ಅಂದ್ರೆ 2013ರಲ್ಲಿ ಬಂದ ಆವೃತ್ತಿ, ಟ್ರೀಟ್ ಅನ್ನೋ ಆಪರೇಟರ್ ಕೊಟ್ಟಿತು. "ಈ ಪೇಮೆಂಟ್‌ನ ಕಾರ್ಡ್ ಅಂತ ನೋಡು" ಅಂತ ಹೇಳೋ ವಿಧಾನ:

ಸೆಲೆಕ್ಟ್ ಪಿ ಫ್ರಮ್ ಪೇಮೆಂಟ್ ಪಿ ವೇರ್ ಟ್ರೀಟ್(ಪಿ ಆಸ್ ಕಾರ್ಡ್‌ಪೇಮೆಂಟ್).ಬ್ಯಾಂಕ್ = :ಬ್ಯಾಂಕ್

ಜಾವಾದಲ್ಲಿ ತಪ್ಪು ಕ್ಯಾಸ್ಟ್ ಮಾಡಿದರೆ ಕ್ಲಾಸ್‌ಕ್ಯಾಸ್ಟ್‌ಎಕ್ಸೆಪ್ಷನ್ ಬರುತ್ತೆ ಅಲ್ವಾ, ಇಲ್ಲಿ ಹಾಗಿಲ್ಲ. ಆ ಸಾಲು ಕಾರ್ಡ್ ಅಲ್ಲದಿದ್ದರೆ ಆ ಕಂಡಿಷನ್ ಫಾಲ್ಸ್ ಅಂತ ಲೆಕ್ಕ, ಅಷ್ಟೇ. ಸದ್ದಿಲ್ಲದೆ ಸಾಲು ಹೊರಗೆ ಹೋಗುತ್ತೆ. ಇದನ್ನ ಗಟ್ಟಿಯಾಗಿ ನೆನಪಿಡಿ, ಮುಂದೆ ಬರೋ ಗೊಂದಲಕ್ಕೆಲ್ಲಾ ಮೂಲ ಇದೇ. ಚೈಲ್ಡ್ ಫೀಲ್ಡ್ ಮುಟ್ಟಿದ ತಕ್ಷಣ ನೀವು ಕೇಳ್ತಿರೋದು ಒಂದಲ್ಲ, ಎರಡು ಪ್ರಶ್ನೆ: ಇದು ಕಾರ್ಡಾ? ಹೌದಾದ್ರೆ ಬ್ಯಾಂಕ್ ಯಾವುದು?

ಇನ್‌ವಾಯ್ಸ್ ಕಡೆಯಿಂದ ಬರೋದಾದ್ರೆ ಜಾಯಿನ್‌ನಲ್ಲೇ ಟ್ರೀಟ್ ಹಾಕಬಹುದು:

ಸೆಲೆಕ್ಟ್ ಐ ಫ್ರಮ್ ಇನ್‌ವಾಯ್ಸ್ ಐ ಜಾಯಿನ್ ಟ್ರೀಟ್(ಐ.ಪೇಮೆಂಟ್ ಆಸ್ ಕಾರ್ಡ್‌ಪೇಮೆಂಟ್) ಸಿ ವೇರ್ ಸಿ.ಬ್ಯಾಂಕ್ = :ಬ್ಯಾಂಕ್

ಇದು ಇನ್ನರ್ ಜಾಯಿನ್. ಕಾರ್ಡ್‌ನಲ್ಲಿ ಕಟ್ಟದ ಇನ್‌ವಾಯ್ಸ್ ಯಾವುದೂ ಬರಲ್ಲ. ಎಲ್ಲಾ ಇನ್‌ವಾಯ್ಸೂ ಬೇಕು, ಕಾರ್ಡ್ ಇದ್ದರೆ ಬ್ಯಾಂಕ್ ಜೊತೆಗೆ ಬರಲಿ ಅಂದ್ರೆ ಲೆಫ್ಟ್ ಜಾಯಿನ್ ಮಾಡಿ. ಆದ್ರೆ ಬ್ಯಾಂಕ್ ಕಂಡಿಷನ್‌ನ ವೇರ್‌ನಲ್ಲಿ ಇಡಬೇಡಿ, ಆನ್‌ನಲ್ಲಿ ಇಡಿ. ವೇರ್‌ನಲ್ಲಿ ಇಟ್ಟ ಕ್ಷಣ ನಲ್ ಬಂದ ಸಾಲೆಲ್ಲಾ ಉದುರಿ ಹೋಗಿ, ಲೆಫ್ಟ್ ಅಂತ ಬರೆದದ್ದು ಹೆಸರಿಗೆ ಮಾತ್ರ ಉಳಿಯುತ್ತೆ. ಇದು ಮಾಮೂಲಿ ಎಸ್‌ಕ್ಯೂಎಲ್ ಪಾಠವೇ, ಆದ್ರೆ ಟ್ರೀಟ್ ಪಕ್ಕದಲ್ಲಿ ಕೂತಾಗ ಕಣ್ಣಿಗೆ ಬೀಳಲ್ಲ.

ಜೆಪಿಎ 2.1ರ ಸ್ಪೆಕ್ ಪ್ರಕಾರ ಟ್ರೀಟ್‌ಗೆ ಜಾಗ ಇರೋದು ಫ್ರಮ್ ಮತ್ತು ವೇರ್ ಎರಡರಲ್ಲೇ. ಆರ್ಡರ್ ಬೈನಲ್ಲಿ ಹಾಕಿ ಒಂದು ಪ್ರೊವೈಡರ್‌ನಲ್ಲಿ ಓಡಿದರೂ ಇನ್ನೊಂದರಲ್ಲಿ ಓಡುತ್ತೆ ಅಂತ ನಂಬಬೇಡಿ. ಬ್ಯಾಂಕ್ ಹೆಸರಿನ ಪ್ರಕಾರ ಸಾರ್ಟ್ ಬೇಕಾದ್ರೆ ಹೈಬರ್ನೇಟ್ 5.1ರಿಂದ ಈಚೆಗೆ ಇನ್ನೊಂದು ದಾರಿ ಇದೆ, ಸಂಬಂಧ ಇಲ್ಲದ ಎಂಟಿಟಿಗಳನ್ನೂ ಆನ್ ಹಾಕಿ ಜಾಯಿನ್ ಮಾಡಬಹುದು:

ಸೆಲೆಕ್ಟ್ ಪಿ ಫ್ರಮ್ ಪೇಮೆಂಟ್ ಪಿ ಲೆಫ್ಟ್ ಜಾಯಿನ್ ಕಾರ್ಡ್‌ಪೇಮೆಂಟ್ ಸಿ ಆನ್ ಸಿ.ಐಡಿ = ಪಿ.ಐಡಿ ಆರ್ಡರ್ ಬೈ ಸಿ.ಬ್ಯಾಂಕ್

ನೋಡೋಕೆ ಚೆಂದ ಇಲ್ಲ, ಒಂದೇ ಟೇಬಲ್‌ನ ಎರಡು ಸಲ ಜಾಯಿನ್ ಮಾಡಿದ ಹಾಗಿರುತ್ತೆ. ಆದ್ರೆ ಏನಾಗುತ್ತೆ ಅನ್ನೋದು ಸ್ಪಷ್ಟ. ಒಂದು ಸಾಲೂ ಕಳೆದುಹೋಗಲ್ಲ, ಕಾರ್ಡ್ ಅಲ್ಲದವು ನಲ್ ಬ್ಯಾಂಕ್ ಜೊತೆ ಮೇಲೋ ಕೆಳಗೋ ಹೋಗಿ ಕೂರುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ಏರಿಕೆ ಕ್ರಮಕ್ಕೆ ನಲ್ ಕೊನೆಗೆ, ಮೈಎಸ್‌ಕ್ಯೂಎಲ್‌ನಲ್ಲಿ ಮೊದಲಿಗೆ.

ಕ್ರೈಟೀರಿಯಾ ಎಪಿಐ (ಕ್ವೆರಿಯನ್ನ ಜಾವಾ ಕೋಡ್‌ನಲ್ಲೇ ಕಟ್ಟೋ ವಿಧಾನ) ಅಥವಾ ಸ್ಪ್ರಿಂಗ್‌ನ ಸ್ಪೆಸಿಫಿಕೇಷನ್ ಬಳಸೋರಿಗೆ ಇದೇ ಟ್ರೀಟ್ ಹೀಗೆ ಸಿಗುತ್ತೆ:

ಸಿಬಿ.ಈಕ್ವಲ್(ಸಿಬಿ.ಟ್ರೀಟ್(ರೂಟ್, ಕಾರ್ಡ್‌ಪೇಮೆಂಟ್.ಕ್ಲಾಸ್).ಗೆಟ್("ಬ್ಯಾಂಕ್"), ಬ್ಯಾಂಕ್)

ಮೆಟಾಮಾಡೆಲ್ ಕ್ಲಾಸ್ (ಎಂಟಿಟಿಯ ಫೀಲ್ಡ್‌ಗಳನ್ನ ಟೈಪ್ ಸಮೇತ ಪಟ್ಟಿ ಮಾಡಿರೋ ಕ್ಲಾಸ್) ಇಟ್ಟುಕೊಂಡು ಟ್ರೀಟ್ ಇಲ್ಲದೆ ರೂಟ್‌ನಿಂದಲೇ ಕಾರ್ಡ್‌ಪೇಮೆಂಟ್‌ನ ಬ್ಯಾಂಕ್ ತೆಗೆಯೋಕೆ ಹೋದರೆ ಕಂಪೈಲರೇ ಬಿಡಲ್ಲ. ಜೆನೆರಿಕ್ಸ್ ಹೊಂದಲ್ಲ. ಬೈದುಕೊಳ್ಳಬೇಡಿ, ಅದು ನಿಮ್ಮ ಒಳ್ಳೇದಕ್ಕೇ.

ಟ್ರೀಟ್ ಇಲ್ಲದೆಯೂ ಓಡುತ್ತಲ್ಲ?

ಹೈಬರ್ನೇಟ್‌ನಲ್ಲಿ ಓಡಬಹುದು. ಮೇಲೆ ಮೊದಲಿಗೆ ಬರೆದ ಪಿ.ಬ್ಯಾಂಕ್ ಕ್ವೆರಿ ನೋಡಿ, ಅಂಥದ್ದು ಬಂದಾಗ ಹೈಬರ್ನೇಟ್ ಪೇರೆಂಟ್‌ನಲ್ಲಿ ಸಿಗದೆ ಇದ್ದರೆ ಚೈಲ್ಡ್ ಕ್ಲಾಸ್‌ಗಳಲ್ಲಿ ಹುಡುಕುತ್ತೆ. ಅನುಕೂಲ ಅನಿಸುತ್ತೆ. ಆದ್ರೆ ಬ್ಯಾಂಕ್ ನಮ್ಮಲ್ಲಿ ಎರಡು ಚೈಲ್ಡ್‌ನಲ್ಲಿದೆ! ಯಾವುದನ್ನ ತಗೋಬೇಕು? ಹಳೇ ಹೈಬರ್ನೇಟ್ ಏನೂ ಹೇಳದೆ ಒಂದನ್ನ ಆರಿಸಿಕೊಳ್ಳುತ್ತಿತ್ತು. ಜಾಯಿನ್ಡ್ ಟೇಬಲ್ (ಪ್ರತಿ ಚೈಲ್ಡ್‌ಗೂ ಬೇರೆ ಟೇಬಲ್) ಇದ್ದರೆ ಕಾರ್ಡ್ ಸಿಗುತ್ತೆ ಚೆಕ್ ಸಿಗಲ್ಲ, ಅಥವಾ ಉಲ್ಟಾ. 2022ರಲ್ಲಿ ಬಂದ 6ನೇ ಸರಣಿಯಲ್ಲಿ ಕ್ವೆರಿ ಓದೋ ಭಾಗವನ್ನೇ ಹೊಸದಾಗಿ ಬರೆದರು, ಆ ಸರಣಿಯಲ್ಲಿ ಇಂಥ ಕಡೆ ಈ ಅಟ್ರಿಬ್ಯೂಟ್ ಒಂದಕ್ಕಿಂತ ಜಾಸ್ತಿ ಸಬ್‌ಟೈಪ್‌ನಲ್ಲಿದೆ ಅಂತ ತಕರಾರು ತೆಗೆಯೋದು ಶುರುವಾಯಿತು. 5ರಿಂದ 6ಕ್ಕೆ ಹೋಗುವಾಗ ಹಠಾತ್ತಾಗಿ ಹಳೇ ಕ್ವೆರಿ ಒಡೆಯೋಕೆ ಇದೂ ಒಂದು ಕಾರಣ. ನನ್ನ ಮಾತು ಕೇಳಿದರೆ, ಫೀಲ್ಡ್ ಒಂದೇ ಚೈಲ್ಡ್‌ನಲ್ಲಿದ್ದರೂ ಟ್ರೀಟ್ ಬರೆದೇ ಬಿಡಿ. ಆರು ತಿಂಗಳ ನಂತರ ಇನ್ನೊಬ್ಬರು ಬಂದು ಅದೇ ಹೆಸರಿನ ಫೀಲ್ಡನ್ನ ಇನ್ನೊಂದು ಚೈಲ್ಡ್‌ಗೆ ಸೇರಿಸ್ತಾರೆ, ನಿಮ್ಮ ಕ್ವೆರಿ ಅವರಿಗೆ ಗೊತ್ತೇ ಇರಲ್ಲ.

ಈಗ ನಿಜವಾದ ಗುಂಡಿ: "ಅಲ್ಲದ್ದು" ಹುಡುಕೋದು

ನಾಲ್ಕು ಸಾಲು ಇಟ್ಟುಕೊಳ್ಳೋಣ.

1: ಕಾರ್ಡ್, ಬ್ಯಾಂಕ್ ಕೆನರಾ
2: ಕಾರ್ಡ್, ಬ್ಯಾಂಕ್ ಎಸ್‌ಬಿಐ
3: ಚೆಕ್, ಬ್ಯಾಂಕ್ ಕೆನರಾ
4: ಯುಪಿಐ, ಬ್ಯಾಂಕ್ ಇಲ್ಲ

ಕೆಲಸ ಏನಂದ್ರೆ, ಕೆನರಾ ಕಾರ್ಡ್‌ನಲ್ಲಿ ಕಟ್ಟಿದ್ದು ಬಿಟ್ಟು ಉಳಿದ ಎಲ್ಲಾ ಪೇಮೆಂಟ್ ಬೇಕು. ಉತ್ತರ 2, 3, 4 ಬರಬೇಕು. ಕೈ ತಾನಾಗಿ ಬರೆಯೋದು ಇದು:

ವೇರ್ ಟ್ರೀಟ್(ಪಿ ಆಸ್ ಕಾರ್ಡ್‌ಪೇಮೆಂಟ್).ಬ್ಯಾಂಕ್ <> 'ಕೆನರಾ'

ಬರೋದು 2 ಮಾತ್ರ. ಯಾಕಂದ್ರೆ 3 ಮತ್ತು 4 ಕಾರ್ಡೇ ಅಲ್ಲ, ಅವಕ್ಕೆ ಇಡೀ ಕಂಡಿಷನ್ ಫಾಲ್ಸ್. ಸರಿ, ಮುಂದೆ ನಾಟ್ ಹಾಕಿ ನೋಡೋಣ ಅಂತೀರಿ:

ವೇರ್ ನಾಟ್ (ಟ್ರೀಟ್(ಪಿ ಆಸ್ ಕಾರ್ಡ್‌ಪೇಮೆಂಟ್).ಬ್ಯಾಂಕ್ = 'ಕೆನರಾ')

ಸ್ಪೆಕ್ ಅಕ್ಷರಶಃ ಓದಿದರೆ ಒಳಗಿನದು ಫಾಲ್ಸ್, ನಾಟ್ ಹಾಕಿದರೆ ಟ್ರೂ, ಹಾಗಾಗಿ 2, 3, 4 ಬರಬೇಕು. ಆದ್ರೆ ಇದು ಪ್ರೊವೈಡರ್ ಎಸ್‌ಕ್ಯೂಎಲ್ ಬರೆಯುವಾಗ ಟೈಪ್ ಕಂಡಿಷನ್‌ನ ಎಲ್ಲಿ ಇಡುತ್ತೆ ಅನ್ನೋದರ ಮೇಲೆ ನಿಂತಿದೆ. ಡಿಟೈಪ್ ಅಂದ್ರೆ ಸಾಲು ಯಾವ ಕ್ಲಾಸಿನದು ಅಂತ ಹೇಳೋ ಕಾಲಂ. ನಾಟ್ ಒಳಗೆ ಇಟ್ಟರೆ, ಅಂದ್ರೆ ನಾಟ್ (ಡಿಟೈಪ್ = 'ಕಾರ್ಡ್‌ಪೇಮೆಂಟ್' ಅಂಡ್ ಬ್ಯಾಂಕ್ = 'ಕೆನರಾ') ಅಂತ ಬಂದರೆ, ಮೂರೂ ಸಿಗುತ್ತೆ. ಹೊರಗೆ ಇಟ್ಟರೆ, ಡಿಟೈಪ್ = 'ಕಾರ್ಡ್‌ಪೇಮೆಂಟ್' ಅಂಡ್ ನಾಟ್ (ಬ್ಯಾಂಕ್ = 'ಕೆನರಾ') ಅಂತ ಬಂದರೆ, ಮತ್ತೆ 2 ಒಂದೇ. ಟೈಪ್ ಕಂಡಿಷನ್ನೇ ಹಾಕದೆ ಸುಮ್ನೆ ಕಾಲಂ ಮಾತ್ರ ಹೋಲಿಸಿದರೂ ಕಥೆ ಬೇರೆಯೇ, 4ನೇ ಸಾಲಿನ ಬ್ಯಾಂಕ್ ನಲ್, ನಲ್‌ನ ಯಾವುದಕ್ಕೆ ಹೋಲಿಸಿದರೂ ಉತ್ತರ ಅನ್‌ನೋನ್, ನಾಟ್ ಅನ್‌ನೋನ್ ಕೂಡ ಅನ್‌ನೋನ್, ಸಾಲು ಹೋಯಿತು.

ಇಂಥ ಕಡೆ ನಾನು ಟ್ರೀಟ್ ಬಿಟ್ಟು ಸಬ್‌ಕ್ವೆರಿ ಬರೀತೀನಿ:

ಸೆಲೆಕ್ಟ್ ಪಿ ಫ್ರಮ್ ಪೇಮೆಂಟ್ ಪಿ ವೇರ್ ಪಿ.ಐಡಿ ನಾಟ್ ಇನ್ (ಸೆಲೆಕ್ಟ್ ಸಿ.ಐಡಿ ಫ್ರಮ್ ಕಾರ್ಡ್‌ಪೇಮೆಂಟ್ ಸಿ ವೇರ್ ಸಿ.ಬ್ಯಾಂಕ್ = 'ಕೆನರಾ')

2, 3, 4. ಯಾವ ಪ್ರೊವೈಡರ್, ಯಾವ ಆವೃತ್ತಿ ಅಂತ ಯೋಚಿಸಬೇಕಿಲ್ಲ. ನಾಟ್ ಇನ್ ಅಂದ್ರೆ ನಲ್ ಬಂದು ಕೆಡಿಸುತ್ತೆ ಅನ್ನೋ ಭಯ ಇದೆಯಲ್ಲ, ಅದು ಇಲ್ಲಿ ಬೇಡ, ಒಳಗಿಂದ ಬರೋದು ಪ್ರೈಮರಿ ಕೀ, ಅದು ನಲ್ ಆಗೋ ಹಾಗಿಲ್ಲ. ಇನ್ನೊಂದು ಲಾಭ: ಬ್ಯಾಂಕ್ ಖಾಲಿ ಬಿಟ್ಟ ಕಾರ್ಡ್ ಸಾಲು 5 ಅಂತ ಒಂದು ಇದ್ದರೆ, <> ಬರೆದ ಕ್ವೆರಿಯಲ್ಲಿ ಅದು ಬಿದ್ದುಹೋಗುತ್ತೆ, ಇದರಲ್ಲಿ ಉಳಿಯುತ್ತೆ.

ಆರ್ ಹಾಕುವಾಗ

ಅಕೌಂಟ್ಸ್‌ನವರ ಮೂಲ ಬೇಡಿಕೆಗೆ ಬರೋಣ. ಕೆನರಾ ಅಂತ ಹುಡುಕಿದರೆ ಕಾರ್ಡೂ ಬರಬೇಕು, ಚೆಕ್ಕೂ ಬರಬೇಕು, 1 ಮತ್ತು 3.

ವೇರ್ ಟ್ರೀಟ್(ಪಿ ಆಸ್ ಕಾರ್ಡ್‌ಪೇಮೆಂಟ್).ಬ್ಯಾಂಕ್ = :ಬಿ ಆರ್ ಟ್ರೀಟ್(ಪಿ ಆಸ್ ಚೆಕ್‌ಪೇಮೆಂಟ್).ಬ್ಯಾಂಕ್ = :ಬಿ

ಸರಿಯಾಗಿ ಬರೆದ ಕ್ವೆರಿ ಇದು. ಪ್ರತಿ ಟ್ರೀಟ್‌ನ ಟೈಪ್ ಕಂಡಿಷನ್ ಅದರದರ ಆರ್ ಭಾಗದೊಳಗೇ ಇದ್ದರೆ ಉತ್ತರ ಸರಿ. ಎರಡು ಟೈಪ್ ಕಂಡಿಷನ್‌ನೂ ಹೊರಗೆ ತಂದು ಅಂಡ್ ಮಾಡಿದರೆ ಒಂದು ಸಾಲು ಒಂದೇ ಸಮಯದಲ್ಲಿ ಕಾರ್ಡೂ ಚೆಕ್ಕೂ ಆಗಿರಬೇಕು, ಉತ್ತರ ಖಾಲಿ. ಹಾಗಾಗಿ ಆರ್ ಇರೋ ಕ್ವೆರಿಯ ಎಸ್‌ಕ್ಯೂಎಲ್ ನೋಡದೆ ಮರ್ಜ್ ಮಾಡಬೇಡಿ. ಆರ್ಗ್.ಹೈಬರ್ನೇಟ್.ಎಸ್‌ಕ್ಯೂಎಲ್ ಲಾಗರ್‌ನ ಡೀಬಗ್‌ಗೆ ಇಡಿ, ಕನ್ಸೋಲ್‌ನಲ್ಲಿ ಬರುತ್ತೆ. ನೋಡಬೇಕಾದ್ದು ಒಂದೇ: ಟೈಪ್ ಹೋಲಿಕೆ ಯಾವ ಬ್ರ್ಯಾಕೆಟ್ ಒಳಗಿದೆ?

ನಂಬಿಕೆ ಬರದಿದ್ದರೆ ಮತ್ತೆ ಸಬ್‌ಕ್ವೆರಿ, ಎರಡು ಇನ್, ಮಧ್ಯೆ ಆರ್. ಆದ್ರೆ ಇದಕ್ಕೊಂದು ಬೆಲೆ ಇದೆ. ಒಂಟಿ ಇನ್ ಇದ್ದಾಗ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡೂ ಅದನ್ನ ಸೆಮಿ ಜಾಯಿನ್ (ಹೊಂದೋ ಸಾಲು ಇದೆಯಾ ಅಂತ ಮಾತ್ರ ನೋಡೋ ಜಾಯಿನ್) ಮಾಡಿ ಬೇಗ ಮುಗಿಸಬಲ್ಲವು. ಆರ್ ಒಳಗೆ ಹೋದ ಇನ್‌ಗೆ ಆ ಸೌಲಭ್ಯ ಸಿಗಲ್ಲ. ಸಾವಿರಗಟ್ಟಲೆ ಸಾಲಿಗೆ ಏನೂ ಗೊತ್ತಾಗಲ್ಲ. ಕೋಟಿ ಸಾಲು ಇದ್ದರೆ ಎಕ್ಸ್‌ಪ್ಲೇನ್ (ಕ್ವೆರಿ ಹೇಗೆ ಓಡುತ್ತೆ ಅಂತ ತೋರಿಸೋ ಆದೇಶ) ಹಾಕಿ ನೋಡಿ, ಬೇಕಿದ್ದರೆ ಎರಡು ಕ್ವೆರಿ ಮಾಡಿ ಐಡಿಗಳನ್ನ ಸೇರಿಸಿಕೊಳ್ಳಿ.

ಟೈಪ್ ಅನ್ನೋದು ಟ್ರೀಟ್ ಅಲ್ಲ

ಜೆಪಿಎ 2.0ರಿಂದ ಟೈಪ್ ಅಂತ ಇನ್ನೊಂದು ಆಪರೇಟರ್ ಇದೆ. ಫೀಲ್ಡ್ ಬೇಡ, ಕಾರ್ಡಾ ಅಲ್ವಾ ಅಂತ ಮಾತ್ರ ಗೊತ್ತಾದರೆ ಸಾಕು ಅನ್ನೋವಾಗ:

ವೇರ್ ಟೈಪ್(ಪಿ) ಇನ್ (ಕಾರ್ಡ್‌ಪೇಮೆಂಟ್, ಚೆಕ್‌ಪೇಮೆಂಟ್)

ಇದರಲ್ಲಿ ಒಂದು ಸಣ್ಣ ಮುಳ್ಳಿದೆ. ಟೈಪ್ ನೋಡೋದು ನಿಖರವಾದ ಕ್ಲಾಸನ್ನ. ನಾಳೆ ಕಾರ್ಡ್‌ಪೇಮೆಂಟ್ ಕೆಳಗೆ ಕ್ರೆಡಿಟ್‌ಕಾರ್ಡ್‌ಪೇಮೆಂಟ್ ಅಂತ ಒಂದು ಬಂದರೆ ಟೈಪ್(ಪಿ) = ಕಾರ್ಡ್‌ಪೇಮೆಂಟ್ ಅದನ್ನ ಹಿಡಿಯಲ್ಲ. ಟ್ರೀಟ್ ಹಿಡಿಯುತ್ತೆ, ಫ್ರಮ್ ಕಾರ್ಡ್‌ಪೇಮೆಂಟ್ ಅಂದರೂ ಹಿಡಿಯುತ್ತೆ. ಪಿಎಚ್‌ಪಿಯ ಡಾಕ್ಟ್ರಿನ್‌ನಲ್ಲಿ ಇದೇ ಕೆಲಸಕ್ಕೆ ಇರೋ ಇನ್‌ಸ್ಟೆನ್ಸ್ ಆಫ್ ಮಾತ್ರ ಕೆಳಗಿನ ಕ್ಲಾಸ್‌ಗಳನ್ನೂ ಸೇರಿಸಿಕೊಳ್ಳುತ್ತೆ, ಅಲ್ಲಿಂದ ಇಲ್ಲಿಗೆ ಬಂದವರು ಹುಷಾರು. ಅಂದಹಾಗೆ ಡಾಕ್ಟ್ರಿನ್‌ನ ಕ್ವೆರಿ ಭಾಷೆ ಡಿಕ್ಯೂಎಲ್‌ನಲ್ಲಿ ಟ್ರೀಟ್ ಇಲ್ಲ. ಅಲ್ಲಿ ಸಬ್‌ಕ್ವೆರಿಯೇ ಗತಿ.

ಟೇಬಲ್ ಹೇಗಿದೆ ಅನ್ನೋದೂ ಮುಖ್ಯ

ಕ್ವೆರಿ ಒಂದೇ, ಕೆಳಗೆ ಹೋಗೋ ಎಸ್‌ಕ್ಯೂಎಲ್ ಬೇರೆ ಬೇರೆ. ಸಿಂಗಲ್ ಟೇಬಲ್‌ನಲ್ಲಿ ಎಲ್ಲಾ ಒಂದೇ ಟೇಬಲ್, ಯಾವ ಕ್ಲಾಸ್ ಅಂತ ಹೇಳೋಕೆ ಒಂದು ಕಾಲಂ, ಜೆಪಿಎನಲ್ಲಿ ಅದರ ಡೀಫಾಲ್ಟ್ ಹೆಸರು ಡಿಟೈಪ್. ಸ್ಟ್ರಾಟೆಜಿ ಏನೂ ಹೇಳದಿದ್ದರೆ ನಿಮಗೆ ಸಿಗೋದೂ ಇದೇ. ಚೈಲ್ಡ್ ಫೀಲ್ಡ್ ಹುಡುಕೋಕೆ ಇದೇ ಎಲ್ಲಕ್ಕಿಂತ ಹಗುರ, ಜಾಯಿನ್ ಬೇಡ. ತೊಂದರೆ ಅಂದ್ರೆ ಚೈಲ್ಡ್ ಕಾಲಂಗೆ ನಾಟ್ ನಲ್ ಹಾಕೋಕಾಗಲ್ಲ, ಬೇಕಾದ್ರೆ ಚೆಕ್ ಕನ್‌ಸ್ಟ್ರೈಂಟ್ (ಡೇಟಾಬೇಸೇ ಪರೀಕ್ಷಿಸೋ ನಿಯಮ) ಬರೆದುಕೊಳ್ಳಬೇಕು. ಪೋಸ್ಟ್‌ಗ್ರೆಸ್ ಇದ್ದರೆ ಒಂದು ಒಳ್ಳೇ ಸೌಕರ್ಯ ಇದೆ, ಪಾರ್ಷಿಯಲ್ ಇಂಡೆಕ್ಸ್:

ಕ್ರಿಯೇಟ್ ಇಂಡೆಕ್ಸ್ ಕಾರ್ಡ್_ಬ್ಯಾಂಕ್ ಆನ್ ಪೇಮೆಂಟ್ (ಬ್ಯಾಂಕ್) ವೇರ್ ಡಿಟೈಪ್ = 'ಕಾರ್ಡ್‌ಪೇಮೆಂಟ್'

ಯುಪಿಐ ಸಾಲುಗಳು ಇಂಡೆಕ್ಸ್‌ಗೆ ಬರೋದೇ ಇಲ್ಲ, ಇಂಡೆಕ್ಸ್ ಚಿಕ್ಕದಾಗಿರುತ್ತೆ. ಆದ್ರೆ ಕ್ವೆರಿಯಲ್ಲಿ ಡಿಟೈಪ್ ಕಂಡಿಷನ್ ಇದ್ದರೆ ಮಾತ್ರ ಅದು ಬಳಕೆಗೆ ಬರುತ್ತೆ, ಮತ್ತೆ ಎಸ್‌ಕ್ಯೂಎಲ್ ನೋಡೋ ಕೆಲಸ.

ಜಾಯಿನ್ಡ್‌ನಲ್ಲಿ ಪೇರೆಂಟ್‌ಗೊಂದು ಟೇಬಲ್, ಪ್ರತಿ ಚೈಲ್ಡ್‌ಗೂ ಒಂದೊಂದು. ಪೇಮೆಂಟ್ ಎಂಟಿಟಿ ಕೇಳಿದರೆ ಹೈಬರ್ನೇಟ್ ಮೂರೂ ಚೈಲ್ಡ್ ಟೇಬಲ್‌ಗೆ ಲೆಫ್ಟ್ ಜಾಯಿನ್ ಹಾಕುತ್ತೆ, ಯಾವ ಕಡೆ ಐಡಿ ಸಿಕ್ಕಿತು ಅಂತ ಕೇಸ್ ಹಾಕಿ ನೋಡಿ ಕ್ಲಾಸ್ ತೀರ್ಮಾನ ಮಾಡುತ್ತೆ. ಮೂರಿದ್ದಾಗ ಪರವಾಗಿಲ್ಲ, ಹದಿನೈದು ಇದ್ದರೆ ಆ ಎಸ್‌ಕ್ಯೂಎಲ್ ನೋಡೋಕೇ ಭಯ ಆಗುತ್ತೆ. ಲಿಸ್ಟ್ ಸ್ಕ್ರೀನ್‌ಗೆ ಬೇಕಾದ ನಾಲ್ಕು ಕಾಲಂ ಮಾತ್ರ ಡಿಟಿಒಗೆ (ಬೇಕಾದ ಫೀಲ್ಡ್ ಮಾತ್ರ ಇರೋ ಸರಳ ಕ್ಲಾಸ್) ತಗೊಂಡರೆ ಬೇಡದ ಜಾಯಿನ್ ಎಷ್ಟೋ ಕಮ್ಮಿ ಆಗುತ್ತೆ.

ಟೇಬಲ್ ಪರ್ ಕ್ಲಾಸ್‌ನಲ್ಲಿ ಪೇರೆಂಟ್ ಕ್ವೆರಿ ಅಂದ್ರೆ ಯೂನಿಯನ್ ಆಲ್. ಪೇರೆಂಟ್ ಮೇಲೆ ದಿನವೂ ಹುಡುಕೋದಿದ್ದರೆ ಇದನ್ನ ಆರಿಸಬೇಡಿ, ಅಷ್ಟೇ ನನ್ನ ಮಾತು. ಜೆಪಿಎ ಸ್ಪೆಕ್ ಕೂಡ ಇದನ್ನ ಕಡ್ಡಾಯ ಮಾಡಿಲ್ಲ.

ಸಾಲು ಬಂದ ಮೇಲೆ

ಕ್ವೆರಿ ಸರಿ ಇದ್ದು, ಜಾವಾ ಕಡೆ ಎಡವೋದೂ ಇದೆ. ಇನ್‌ವಾಯ್ಸ್‌ನಿಂದ ಪೇಮೆಂಟ್ ಲೇಜಿ (ಬೇಕಾದಾಗ ಮಾತ್ರ ಲೋಡ್ ಆಗೋದು) ಆಗಿದ್ದರೆ ನಿಮ್ಮ ಕೈಗೆ ಬರೋದು ಪೇಮೆಂಟ್‌ನ ಪ್ರಾಕ್ಸಿ, ಅಂದ್ರೆ ಅದರ ಜಾಗದಲ್ಲಿ ಕೂರೋ ಬದಲಿ ಆಬ್ಜೆಕ್ಟ್. ಡೇಟಾಬೇಸ್‌ನಲ್ಲಿ ಅದು ಕಾರ್ಡೇ ಆಗಿದ್ದರೂ ಇನ್‌ಸ್ಟೆನ್ಸ್‌ಆಫ್ ಕಾರ್ಡ್‌ಪೇಮೆಂಟ್ ಅಂದ್ರೆ ಫಾಲ್ಸ್, ಕ್ಯಾಸ್ಟ್ ಮಾಡಿದರೆ ಎಕ್ಸೆಪ್ಷನ್. ಲಾಗ್‌ನಲ್ಲಿ ಕ್ಲಾಸ್ ಹೆಸರು ಪೇಮೆಂಟ್ ಅಂತ ಶುರುವಾಗಿ ಮುಂದೆ ಹೈಬರ್ನೇಟ್‌ಪ್ರಾಕ್ಸಿ ಅಂತ ಬಾಲ ಇದ್ದರೆ ಇದೇ ಕಾರಣ. ಹೈಬರ್ನೇಟ್.ಅನ್‌ಪ್ರಾಕ್ಸಿ ಅಂತ ಸ್ಟ್ಯಾಟಿಕ್ ಮೆಥಡ್ ಇದೆ, ಅದರ ಮೂಲಕ ಹಾಯಿಸಿ ಆಮೇಲೆ ಚೆಕ್ ಮಾಡಿ. ಇಲ್ಲಾ ಕ್ವೆರಿಯಲ್ಲೇ ಜಾಯಿನ್ ಫೆಚ್ ಹಾಕಿಬಿಡಿ.

ಬೇರೆ ಊರುಗಳಲ್ಲಿ ಹೇಗೆ

ಇಎಫ್ ಕೋರ್‌ನಲ್ಲಿ ಒಂದೇ ಚೈಲ್ಡ್ ಬೇಕಾದ್ರೆ ಆಫ್‌ಟೈಪ್ ಹಾಕಿ ವೇರ್ ಬರೆಯಿರಿ, ಚೊಕ್ಕ. ಬೆರೆತ ಲಿಸ್ಟ್‌ಗೆ:

ವೇರ್(ಪಿ => (ಪಿ ಈಸ್ ಕಾರ್ಡ್‌ಪೇಮೆಂಟ್ && ((ಕಾರ್ಡ್‌ಪೇಮೆಂಟ್)ಪಿ).ಬ್ಯಾಂಕ್ == ಬಿ) || (ಪಿ ಈಸ್ ಚೆಕ್‌ಪೇಮೆಂಟ್ && ((ಚೆಕ್‌ಪೇಮೆಂಟ್)ಪಿ).ಬ್ಯಾಂಕ್ == ಬಿ))

ಹೊಸ ಸಿ ಶಾರ್ಪ್ ಅಭ್ಯಾಸದಲ್ಲಿ ಪಿ ಈಸ್ ಕಾರ್ಡ್‌ಪೇಮೆಂಟ್ ಸಿ ಅಂತ ವೇರಿಯಬಲ್ ಹಿಡಿಯೋಕೆ ಹೋಗಬೇಡಿ, ಎಕ್ಸ್‌ಪ್ರೆಷನ್ ಟ್ರೀಯಲ್ಲಿ (ಎಸ್‌ಕ್ಯೂಎಲ್ ಮಾಡೋಕೆ ಇಎಫ್ ಓದೋ ಕೋಡ್ ರೂಪ) ಅದು ಕಂಪೈಲ್ ಆಗಲ್ಲ. ಪ್ರಶ್ನಾರ್ಥಕ ಚಿಹ್ನೆ ಚುಕ್ಕಿ (?.) ಹಾಕೋದೂ ಆಗಲ್ಲ. ಇನ್ನೊಂದು ವಿಷಯ: ಇಎಫ್ ಕೋರ್ ಡೀಫಾಲ್ಟ್ ಆಗಿ ಸಿ ಶಾರ್ಪ್‌ನ ನಲ್ ನಿಯಮವನ್ನೇ ಎಸ್‌ಕ್ಯೂಎಲ್‌ಗೂ ತರುತ್ತೆ, ನಲ್ ಆಗಬಹುದಾದ ಕಾಲಂ ಮೇಲೆ != ಬರೆದರೆ ಈಸ್ ನಲ್ ಅಂತ ತಾನೇ ಸೇರಿಸುತ್ತೆ. ಹಾಗಾಗಿ ಈಸ್ ಹಾಕಿ ಟೈಪ್ ನೋಡದೆ ಬರೀ ಕ್ಯಾಸ್ಟ್ ಮಾಡಿ "ಕೆನರಾ ಅಲ್ಲದ್ದು" ಅಂತ ಕೇಳಿದರೆ ಯುಪಿಐ ಸಾಲೂ ಒಳಗೆ ಬರಬಹುದು, ಜೆಪಿಎ ನಡತೆಗೆ ಪೂರ್ತಿ ಉಲ್ಟಾ. ಟುಕ್ವೆರಿಸ್ಟ್ರಿಂಗ್ ಕರೆದು ಎಸ್‌ಕ್ಯೂಎಲ್ ಓದಿ. ಸಿಂಗಲ್ ಟೇಬಲ್‌ನಲ್ಲಿ ಎರಡು ಚೈಲ್ಡ್‌ಗೆ ಒಂದೇ ಹೆಸರಿನ ಫೀಲ್ಡ್ ಇದ್ದರೆ ಇಎಫ್ ಎರಡು ಬೇರೆ ಕಾಲಂ ಮಾಡುತ್ತೆ, ಒಂದೇ ಕಾಲಂ ಸಾಕು ಅಂದ್ರೆ ಹ್ಯಾಸ್‌ಕಾಲಂನೇಮ್ ಕೊಟ್ಟು ನೀವೇ ಹೇಳಬೇಕು.

ಜ್ಯಾಂಗೋದಲ್ಲಿ ಪೇರೆಂಟ್‌ನಿಂದ ಚೈಲ್ಡ್‌ಗೆ ಒನ್ ಟು ಒನ್ ಲಿಂಕ್ ಇರೋದರಿಂದ ಇದು ಆರಾಮ:

ಪೇಮೆಂಟ್.ಆಬ್ಜೆಕ್ಟ್ಸ್.ಫಿಲ್ಟರ್(ಕ್ಯೂ(ಕಾರ್ಡ್‌ಪೇಮೆಂಟ್__ಬ್ಯಾಂಕ್=ಬಿ) | ಕ್ಯೂ(ಚೆಕ್‌ಪೇಮೆಂಟ್__ಬ್ಯಾಂಕ್=ಬಿ))

ಕೆನರಾ ಕಾರ್ಡ್ ಬಿಡೋಕೆ ಎಕ್ಸ್‌ಕ್ಲೂಡ್ ಹಾಕಿದರೂ ನಲ್ ಲೆಕ್ಕ ತಾನೇ ನೋಡಿಕೊಂಡು 2, 3, 4 ಕೊಡುತ್ತೆ. ಆದ್ರೆ ವಾಪಸ್ ಬರೋದು ಬರೀ ಪೇಮೆಂಟ್ ಆಬ್ಜೆಕ್ಟ್. ಅದರ ಮೇಲೆ ಪಿ.ಕಾರ್ಡ್‌ಪೇಮೆಂಟ್ ಅಂದ್ರೆ ಪ್ರತಿ ಸಾಲಿಗೂ ಇನ್ನೊಂದು ಕ್ವೆರಿ, ಕಾರ್ಡ್ ಅಲ್ಲದಿದ್ದರೆ ಡಸ್‌ನಾಟ್‌ಎಕ್ಸಿಸ್ಟ್. ಸೆಲೆಕ್ಟ್_ರಿಲೇಟೆಡ್ ಮರೆಯಬೇಡಿ. ಅಬ್‌ಸ್ಟ್ರ್ಯಾಕ್ಟ್ ಮಾಡೆಲ್ ಇದ್ದರೆ ಇದ್ಯಾವುದೂ ನಡೆಯಲ್ಲ, ಪೇರೆಂಟ್‌ಗೆ ಟೇಬಲ್ಲೇ ಇಲ್ಲ.

ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಜಾಯಿನ್ಡ್ ಟೇಬಲ್ ಇಟ್ಟುಕೊಂಡು ಸೆಲೆಕ್ಟ್(ಪೇಮೆಂಟ್).ವೇರ್(ಕಾರ್ಡ್‌ಪೇಮೆಂಟ್.ಬ್ಯಾಂಕ್ == ಬಿ) ಬರೆದರೆ ಅನಾಹುತ. ಜಾಯಿನ್ ಕಂಡಿಷನ್ ಇಲ್ಲದೆ ಎರಡೂ ಟೇಬಲ್ ಫ್ರಮ್‌ಗೆ ಬಂದು ಎಲ್ಲಾ ಪೇಮೆಂಟ್‌ಗೂ ಎಲ್ಲಾ ಕೆನರಾ ಕಾರ್ಡೂ ಗಂಟು ಬೀಳುತ್ತೆ. 1.4ರಿಂದ ಈಚೆಗೆ ಕಾರ್ಟೀಸಿಯನ್ ಪ್ರಾಡಕ್ಟ್ ಅಂತ ವಾರ್ನಿಂಗ್ ಕೊಡುತ್ತೆ, ಲಾಗ್ ಓದೋರಿಗೆ ಕಾಣುತ್ತೆ. ಸರಿಯಾದ ದಾರಿ ವಿತ್_ಪಾಲಿಮಾರ್ಫಿಕ್: ಪೇಮೆಂಟ್ ಜೊತೆ ಬೇಕಾದ ಚೈಲ್ಡ್‌ಗಳ ಪಟ್ಟಿ ಕೊಟ್ಟು ಅದನ್ನ ಪಾಲಿ ಅಂತ ಹೆಸರಿಗೆ ಹಿಡಿದುಕೊಳ್ಳಿ, ಆಮೇಲೆ ಪಾಲಿ.ಕಾರ್ಡ್‌ಪೇಮೆಂಟ್.ಬ್ಯಾಂಕ್ ಅಂತ ಬಳಸಿ. ಲೆಫ್ಟ್ ಜಾಯಿನ್ ಅದೇ ಹಾಕುತ್ತೆ.

ರೂಬಿಯ ರೈಲ್ಸ್‌ನ ಎಸ್‌ಟಿಐಯಲ್ಲಿ (ಅಲ್ಲಿನ ಸಿಂಗಲ್ ಟೇಬಲ್ ವಿಧಾನ) ಈ ಪ್ರಶ್ನೆಯೇ ಹುಟ್ಟಲ್ಲ. ಎಲ್ಲಾ ಕಾಲಮ್ಮೂ ಒಂದೇ ಟೇಬಲ್‌ನಲ್ಲಿ, ಪೇರೆಂಟ್ ಮೇಲೇ ವೇರ್ ಬರೆದರೆ ಆಯಿತು.

ಮಧ್ಯದಲ್ಲಿ ಒಂದು ಕ್ಲಾಸ್ ಬಿಟ್ಟುಹೋಗಿದೆಯಾ?

ಒಂದೇ ಫೀಲ್ಡ್‌ಗೆ ಎರಡೆರಡು ಟ್ರೀಟ್ ಪದೇ ಪದೇ ಬರೀತಿದ್ದೀರಿ ಅಂದ್ರೆ ಕ್ವೆರಿ ಬಿಟ್ಟು ಮಾಡೆಲ್ ಕಡೆ ನೋಡಿ. ನಮ್ಮ ಉದಾಹರಣೆಯಲ್ಲಿ ಕಾರ್ಡ್ ಮತ್ತು ಚೆಕ್ ಎರಡಕ್ಕೂ ಬ್ಯಾಂಕ್ ಇದೆ. ಬ್ಯಾಂಕ್‌ಪೇಮೆಂಟ್ ಅಂತ ಒಂದು ಅಬ್‌ಸ್ಟ್ರ್ಯಾಕ್ಟ್ ಎಂಟಿಟಿ ಮಾಡಿ ಪೇಮೆಂಟ್ ಮತ್ತು ಈ ಎರಡರ ಮಧ್ಯೆ ಇಡಿ, ಬ್ಯಾಂಕ್ ಫೀಲ್ಡ್ ಅಲ್ಲಿಗೆ ಎತ್ತಿ. ಈಗ ಅಕೌಂಟ್ಸ್‌ನವರ ಕ್ವೆರಿ ಇಷ್ಟೇ:

ಸೆಲೆಕ್ಟ್ ಬಿ ಫ್ರಮ್ ಬ್ಯಾಂಕ್‌ಪೇಮೆಂಟ್ ಬಿ ವೇರ್ ಬಿ.ಬ್ಯಾಂಕ್ = :ಬ್ಯಾಂಕ್

1 ಮತ್ತು 3 ಬರುತ್ತೆ, ಆರ್ ಇಲ್ಲ, ಟ್ರೀಟ್ ಇಲ್ಲ. ಸಿಂಗಲ್ ಟೇಬಲ್‌ನಲ್ಲಿ ಎರಡೂ ಚೈಲ್ಡ್‌ನ ಬ್ಯಾಂಕ್ ಮೊದಲೇ ಒಂದೇ ಕಾಲಂಗೆ ಮ್ಯಾಪ್ ಆಗಿದ್ದರೆ ಡೇಟಾಬೇಸ್‌ನಲ್ಲಿ ಏನೂ ಬದಲಾಯಿಸಬೇಕಿಲ್ಲ, ಅಬ್‌ಸ್ಟ್ರ್ಯಾಕ್ಟ್ ಕ್ಲಾಸ್‌ನ ಸಾಲು ಯಾವತ್ತೂ ಇರಲ್ಲ, ಹಾಗಾಗಿ ಹೊಸ ಡಿಟೈಪ್ ಬೆಲೆಯೂ ಬರಲ್ಲ. ಜಾಯಿನ್ಡ್ ಇದ್ದರೆ ಹೊಸ ಟೇಬಲ್ ಬೇಕು, ಎರಡೂ ಚೈಲ್ಡ್ ಟೇಬಲ್‌ನಿಂದ ಐಡಿ ಮತ್ತು ಬ್ಯಾಂಕ್ ಅಲ್ಲಿಗೆ ಇನ್‌ಸರ್ಟ್ ಮಾಡಿ ಆಮೇಲೆ ಹಳೇ ಕಾಲಂ ತೆಗೆಯಬೇಕು, ಒಂದು ಮೈಗ್ರೇಷನ್ ಸ್ಕ್ರಿಪ್ಟ್‌ನ ಕೆಲಸ. ಟೇಬಲ್ ಬೇಡ ಅಂತ ಅದನ್ನ ಮ್ಯಾಪ್ಡ್‌ಸೂಪರ್‌ಕ್ಲಾಸ್ (ಫೀಲ್ಡ್ ಹಂಚೋಕೆ ಮಾತ್ರ ಇರೋ ಕ್ಲಾಸ್) ಮಾಡೋ ಆಸೆ ಬರುತ್ತೆ, ಆದ್ರೆ ಜೆಪಿಎಯಲ್ಲಿ ಮ್ಯಾಪ್ಡ್‌ಸೂಪರ್‌ಕ್ಲಾಸ್ ಮೇಲೆ ಕ್ವೆರಿ ಬರೆಯೋಕೆ ಆಗಲ್ಲ, ಮತ್ತೆ ಎರಡು ಟ್ರೀಟ್‌ಗೇ ವಾಪಸ್ ಬರ್ತೀರಿ.